ಬಂಡಿಯ ಬಣ್ಣವೂ ಬಹಿರಂಗ ಶುದ್ಧಿಯೂ

ಮನೆಯ ಗೋಡೆಗೆ ಸುಣ್ಣ, ಬಾಗಿಲಿಗೆ ಬಣ್ಣ, ಬಂಡಿಗೆ ಎಣ್ಣೆ: ಇವು ಸಂಸಾರಿಗೆ ಕಾಲಕಾಲಕ್ಕೆ ಒದಗುವ ಕಾರ್ಯಗಳು. “ಅಂತರಂಗವೇ ಮುಖ್ಯವೆಂದ ಮೇಲೆ ಬಹಿರಂಗಕ್ಕೆ ಬಣ್ಣವೇತಕ್ಕೆ?” ಎಂದು ನಮ್ಮ ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಕೇಳಿದನು. ಉತ್ತರ ಸುಲಭವೆಂದು ತೋರಿತು. ಆದರೆ ಹೇಳಹೊರಟಾಗ ಬಾಲ್ಯದ ಪ್ರಸಂಗವೊಂದು ನೆನಪಾಗಿ ನನ್ನ ನಾಲಗೆ ತಡೆಯಿತು.

ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಪುಷ್ಯ ಮಾಸದ ಹುಣ್ಣಿಮೆಗೆ ರಥೋತ್ಸವವಾಗಿ, ಅನಂತರ ವಾರಗಟ್ಟಲೆ ಜಾತ್ರೆ ನಡೆಯುವುದನ್ನು ವಾಚಕರು ಬಲ್ಲರು. ಹುನಗುಂದ, ಇಳಕಲ್ಲ, ಬಾಗಲಕೋಟೆಗಳ ಕಡೆಯ ಒಕ್ಕಲು ಮನೆತನದವರು ಹಿಂದೆ ಕೊಲ್ಲಾರಿ ಕಟ್ಟಿದ ಸವಾರಿ ಬಂಡಿಗಳಲ್ಲಿ ಹೆಂಡಿರು ಮಕ್ಕಳೊಡನೆ ಅಲ್ಲಿಗೆ ಹೋಗುತ್ತಿದ್ದರು. ಅಷ್ಟು ದಿನ ಬಂಡಿಯೇ ಅವರಿಗೆ ಮನೆ. ಅಡಿಗೆ ಅದರ ನೆರಳಿನಲ್ಲಿ, ನಿದ್ರೆ ಅದರ ಒಳಗೆ. ಇಂದು ಟ್ರ್ಯಾಕ್ಟರು ಮೋಟಾರುಗಳೇ ಹೆಚ್ಚಾಗಿದ್ದರೂ ಬಂಡಿ ಹೂಡುವ ಪದ್ಧತಿ ಪೂರ್ಣವಾಗಿ ಅಳಿದಿಲ್ಲ.

ಜಾತ್ರೆಗೆ ಮೊದಲು ಬಂಡಿಗೆ ಹೊಸ ಬಣ್ಣ ಹಚ್ಚುವುದು ವಾಡಿಕೆ. ಬಲ್ಲವರು ಮೊದಲು ಹಳೆಯ ಬಣ್ಣವನ್ನು ಕೆರೆದು ತೆಗೆಯುವರು. ಕಟ್ಟಿಗೆಯನ್ನು ಬಿಸಿಲಿಗೆ ಒಣಗಿಸುವರು. ಕೊಳೆತ ಭಾಗವನ್ನು ಬಡಿಗೇರರಿಂದ ತೆಗೆಸಿ ಬೇರೆ ಕೂಡಿಸುವರು. ಅಗಸೆ ಎಣ್ಣೆಯನ್ನು ಕುಡಿಸಿ, ಅದು ಆರಿದ ಮೇಲೆಯೇ ಬಣ್ಣ ಹಿಡಿಯುವರು. ಹೀಗೆ ಹಚ್ಚಿದ ಬಣ್ಣವು ಮಳೆಯ ನೀರನ್ನು ಹೊರಗೆ ತಡೆಯುತ್ತದೆ. ಹಸಿಯಾದ ಕಟ್ಟಿಗೆಯ ಮೇಲೆ ಹಚ್ಚಿದರೆ ಅದೇ ಬಣ್ಣವು ಒಳಗಿನ ತೇವವನ್ನು ಹೊರಗೆ ಹೋಗಗೊಡದೆ ಕೊಳೆಯನ್ನು ಹೆಚ್ಚಿಸುತ್ತದೆ. ಬಣ್ಣ ಒಂದೇ, ಒಂದೆಡೆ ಕವಚ, ಇನ್ನೊಂದೆಡೆ ಕಪಟ.

ಈ ಭೇದವನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1982ರ ಸುಮಾರಿಗೆ, ಒಂದು ಬರದ ವರ್ಷ, ಲಿಂಗೈಕ್ಯರಾದ ನಮ್ಮ ತಂದೆಯವರು ಮನೆಯ ಬಂಡಿಯನ್ನು ಮಾರಲು ನಿಶ್ಚಯಿಸಿದರು. ಎಡಗಾಲಿಯ ನಡುವಿನ ಗುಂಬವು ಬಿರುಕು ಬಿಟ್ಟಿತ್ತು. ಸಾಲಗಾರರು ಬಾಗಿಲಿಗೆ ಬಂದಿದ್ದರು. ತಂದೆಯವರು ರಾತ್ರಿ ಹಿತ್ತಲಲ್ಲಿ ಆ ಬಿರುಕಿಗೆ ಮೆತ್ತಿಗೆ ತುಂಬಿ ಮೇಲೆ ಹಸಿರು ಬಣ್ಣ ಬಳಿದರು. ಕಂದೀಲು ಹಿಡಿದು ನಿಂತವನು ನಾನು. ಮರುವಾರವೇ ನೆರೆಯೂರಿನ ಒಬ್ಬ ಬಡ ರೈತನು ಬಣ್ಣಕ್ಕೆ ಮನಸೋತು ಬಂಡಿಯನ್ನು ಕೊಂಡನು.

ಮುಂದಿನ ಸುಗ್ಗಿಯಲ್ಲಿ ಹೇರು ತುಂಬಿದ ಬಂಡಿಯ ಗಾಲಿ ಮುರಿದು ಅವನ ಎತ್ತೊಂದು ಕಾಲು ಕಳೆದುಕೊಂಡಿತು. ಅವನು ಬಂದು ಜಗಳಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, “ಬಣ್ಣ ಛಲೋ ಹಚ್ಚಿದ್ರಿ, ಯಜಮಾನ್ರ” ಎಂದಷ್ಟೇ ಹೇಳಿ ಎದ್ದುಹೋದನು. ತಂದೆಯವರು ಅಂದು ಊಟ ಮಾಡಲಿಲ್ಲ. ತಿಂಗಳೊಳಗೆ ತಾಯಿಯ ಬಂಗಾರ ಮಾರಿ ಅವನಿಗೆ ಒಂದು ಎತ್ತನ್ನು ಕೊಡಿಸಿದರು. ಜಾಲಿಯ ಹೊಸ ಗಾಲಿಯನ್ನೂ ಮಾಡಿಸಿದರು. ಆ ಗಾಲಿಗೆ ಮಾತ್ರ ಬಣ್ಣ ಹಚ್ಚಗೊಡಲಿಲ್ಲ. “ಕಟ್ಟಿಗೆ ಅವನ ಕಣ್ಣಿಗೆ ಕಾಣಲಿ” ಎಂದರು. ನಾವು ಗಾಲಿಯನ್ನು ಒಪ್ಪಿಸಿದಾಗ ಆ ರೈತನು ಅದನ್ನು ಬೆರಳಿನಿಂದ ತಟ್ಟಿ ನೋಡಿದನು. ಮಳೆಗಾಲಕ್ಕೆ ಮೊದಲು ಅವನೇ ಅದಕ್ಕೆ ಹಸಿರು ಬಣ್ಣ ಹಚ್ಚಿದುದನ್ನು ಮುಂದೆ ನಾನು ಕಂಡೆನು.

ಈಗ ವಿದ್ಯಾರ್ಥಿಯ ಸಂದೇಹಕ್ಕೆ ಬರೋಣ. ನಮ್ಮ ಧರ್ಮವು ಬಹಿರಂಗವನ್ನು ತೊರೆಯಲಿಲ್ಲ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುತ್ತೇವೆ. ವಿಭೂತಿ ರುದ್ರಾಕ್ಷಿಗಳು ಅಷ್ಟಾವರಣದಲ್ಲಿ ಸೇರಿವೆ. ಹುನಗುಂದ ಸೀಮೆಯ ಕೂಡಲಸಂಗಮದ ದೇವನನ್ನೇ ಅಂಕಿತವಾಗಿಸಿಕೊಂಡ ಬಸವಣ್ಣನವರು ಕಳವು, ಹುಸಿ ಮೊದಲಾದವುಗಳನ್ನು ವರ್ಜಿಸಲು ಹೇಳಿದ ಪ್ರಸಿದ್ಧ ವಚನದಲ್ಲಿ ಒಳಗಿನ ಶುದ್ಧಿಗೆ ಒಂದು ನಡೆ, ಹೊರಗಿನ ಶುದ್ಧಿಗೆ ಇನ್ನೊಂದು ನಡೆ ಎಂದು ಬೇರ್ಪಡಿಸಲಿಲ್ಲ. ಒಂದೇ ಸದಾಚಾರವನ್ನು ಎರಡಕ್ಕೂ ಸಾಧನವಾಗಿಸಿದರು. ಇದರ ಮರ್ಮವನ್ನು ಆ ರೈತನ ಎರಡು ಗಾಲಿಗಳು ತಿಳಿಸುತ್ತವೆ. ಮೊದಲನೆಯದರ ಬಣ್ಣ ಹುಸಿಯಾಡಿತು. ಎರಡನೆಯದರ ಬಣ್ಣ ಗಟ್ಟಿ ಕಟ್ಟಿಗೆಯನ್ನು ಕಾಯಿತು.

ನೇಕಾರ ಕಾಯಕದ ದಾಸಿಮಯ್ಯನವರು ಒಡಲನ್ನು ಬಂಡಿಗೆ ಹೋಲಿಸಿ, ಶಿವಭಕ್ತರ ನುಡಿಯನ್ನು ಅದರ ಕಡೆಗೀಲೆಂದು ಕರೆದರು. ಕಡೆಗೀಲನ್ನು ಜಾತ್ರೆಯಲ್ಲಿ ಯಾರೂ ಮೆಚ್ಚಿ ನೋಡುವುದಿಲ್ಲ. ಅದು ಕಳಚಿದರೆ ಗಾಲಿ ನಿಲ್ಲುವುದಿಲ್ಲ. ಹಣೆಯ ವಿಭೂತಿ ಕಂಡು ನಂಬಿ ಬಂದವನಿಗೆ ಅಂಗಡಿಯಲ್ಲಿ ತೂಕ ಕಡಿಮೆ ಕೊಟ್ಟರೆ, ಕನ್ಯೆಯ ಮನೆಯವರು ಬರುವರೆಂದು ಗೋಡೆಗೆ ಬಣ್ಣ ಬಳಿದು ಸಾಲವನ್ನು ಮರೆಮಾಚಿದರೆ, ನಾವೂ ಬಿರುಕಿಗೆ ಬಣ್ಣ ಹಚ್ಚಿದವರೇ.

ಆದುದರಿಂದ ಆ ಹುಡುಗನಿಗೆ ನಾನು ಹೇಳಿದುದು ಇಷ್ಟು: ಬಂಡಿಗೆ ಅವಶ್ಯವಾಗಿ ಬಣ್ಣ ಹಚ್ಚು, ಅದು ಕಟ್ಟಿಗೆಗೆ ಮಾಡುವ ಉಪಕಾರ. ಆದರೆ ಹಿತ್ತಲಲ್ಲಿ, ರಾತ್ರಿಯಲ್ಲಿ ಹಚ್ಚಬೇಡ. ಹಗಲಿನಲ್ಲಿ, ಮನೆಯ ಮುಂದೆ, ಕೊಳ್ಳುವವನು ಎದುರಿಗೆ ಕುಳಿತು ನೋಡುತ್ತಿರುವಾಗ ಹಚ್ಚಲು ಸಾಧ್ಯವಿದ್ದರೆ ಅದು ಶುದ್ಧ. ಇದನ್ನು ಹೇಳುವಾಗ ಅಂದಿನ ಕಂದೀಲು ಇನ್ನೂ ನನ್ನ ಕೈಯಲ್ಲಿರುವಂತೆಯೇ ಭಾಸವಾಯಿತು.