ಹಸಿವಿನ ಒಪ್ಪಿಗೆ

ಆಲೂರು ತಾಲ್ಲೂಕಿನ ಕುಂದೂರಿನಿಂದ ಸಕಲೇಶಪುರದವರೆಗೆ ಹಬ್ಬಿರುವ ಮಲೆಯ ಸೀಮೆಯಲ್ಲಿ, ಕಾಫಿ ಹಣ್ಣು ಕೆಂಪೇರಿ ಕುಯ್ಲಿನ ಕಾಲ ಸಮೀಪಿಸುತ್ತಿದ್ದಂತೆ, ತೋಟದ ಲೈನುಮನೆಗಳಿಗೆ ದೂರದೂರದ ಆಳುಗಳು ಬಂದಿಳಿಯುತ್ತಾರೆ. ಅವರಲ್ಲಿ ಬಹುಮಂದಿ ದುಡಿದು, ಬಟವಾಡೆಯನ್ನು ಎಣಿಸಿಕೊಂಡು ಊರಿಗೆ ಮರಳುವವರೇ ಆದರೂ, ಎಲ್ಲಿಯಾದರೂ ಒಬ್ಬನು ಮೇಸ್ತ್ರಿಯ ಕೈಯಿಂದ ಪಡೆದ ಮುಂಗಡ ಎಂದಿಗೂ ಚುಕ್ತಾ ಆಗದೆ ಸಿಕ್ಕಿಬಿದ್ದನೆಂಬ ಸುದ್ದಿ ಬಂದಾಗ, ‘ಅವನೇ ಒಪ್ಪಿ ಬಂದವನಲ್ಲವೇ’ ಎಂಬ ಮಾತು ನಮ್ಮ ಬಾಯಿಗೆ ಬಹು ಸುಲಭವಾಗಿ ಬರುತ್ತದೆ. ಮನುಷ್ಯನು ತನ್ನನ್ನಾಗಲಿ ತನ್ನವರನ್ನಾಗಲಿ ಮತ್ತೊಬ್ಬನ ಸ್ವತ್ತಾಗುವಂತೆ ಒಪ್ಪಿಸಬಲ್ಲನೇ? ಇದು ಕೇವಲ ಕಾಯಿದೆಯ ಪ್ರಶ್ನೆಯಲ್ಲ, ಧರ್ಮಜಿಜ್ಞಾಸೆ.

ಐತರೇಯ ಬ್ರಾಹ್ಮಣದಲ್ಲಿ, ವರುಣನಿಗೆ ಮಗನನ್ನೇ ಬಲಿಕೊಡುವುದಾಗಿ ಹರಕೆ ಹೊತ್ತ ಹರಿಶ್ಚಂದ್ರನ ಮಗ ರೋಹಿತನು ಅಡವಿಯಲ್ಲಿ ಅಲೆಯುತ್ತಿದ್ದು, ಹಸಿವಿನಿಂದ ಕಂಗೆಟ್ಟ ಅಜೀಗರ್ತನೆಂಬ ಋಷಿಯನ್ನು ಕಂಡು, ತನಗೆ ಬದಲಾಗಿ ಅವನ ಮಕ್ಕಳಲ್ಲೊಬ್ಬನನ್ನು ನೂರು ಗೋವುಗಳಿಗೆ ಬೇಡುತ್ತಾನೆ. ಹಿರಿಯನನ್ನು ತಂದೆ ಬಿಡಲೊಲ್ಲನು. ಕಿರಿಯನನ್ನು ತಾಯಿ ಬಿಡಲೊಲ್ಲಳು. ನಡುವಣ ಶುನಃಶೇಪನು ಮಾರಾಟವಾದನು. ಯಜ್ಞಶಾಲೆಯಲ್ಲಿ ಅವನನ್ನು ಯೂಪಕ್ಕೆ ಕಟ್ಟಲು ಯಾರೂ ಮುಂದಾಗದಿರಲು, ಇನ್ನೊಂದು ನೂರು ಗೋವುಗಳಿಗೆ ತಂದೆಯೇ ಕಟ್ಟಿದನು; ಕೊಲ್ಲುವವರು ದೊರೆಯದಿರಲು, ಮತ್ತೊಂದು ನೂರಕ್ಕೆ ಕತ್ತಿ ಮಸೆಯುತ್ತ ಬಂದನು. ಬಾಲಕನು ದೇವತೆಗಳನ್ನು ಸ್ತುತಿಸಿ, ಉಷೆಯ ಒಂದೊಂದು ಋಕ್ಕಿಗೂ ಪಾಶ ಸಡಿಲುತ್ತ ಬಿಡುಗಡೆಗೊಂಡ ಬಳಿಕ, ಅಜೀಗರ್ತನು ಮಗನನ್ನು ಮರಳಿ ಕರೆದನಾದರೂ, ಶುನಃಶೇಪನು ಒಪ್ಪದೆ ವಿಶ್ವಾಮಿತ್ರನ ಮಗನಾಗಿ ಉಳಿದನು.

ಮೊದಲ ನೂರು ಗೋವುಗಳಿಗೆ ಹಸಿವು ಕಾರಣವಾಯಿತು. ಉಳಿದ ಇನ್ನೂರಕ್ಕೆ ಯಾವ ಹಸಿವೂ ಕಾರಣವಲ್ಲ. ಮನುಷ್ಯನಿಗೆ ಒಮ್ಮೆ ಕ್ರಯ ಕಟ್ಟಿದ ಮೇಲೆ ಕಟ್ಟುವುದಕ್ಕೂ ಕೊಲ್ಲುವುದಕ್ಕೂ ಬೆಲೆ ಹುಟ್ಟುತ್ತದೆಂಬುದನ್ನು ಆ ಪ್ರಾಚೀನ ಕಥನವು ನಿರ್ದಾಕ್ಷಿಣ್ಯವಾಗಿ ಕಂಡಿದೆ. ಆದರೆ ಅಲ್ಲಿ ನಿಂದೆಯೆಲ್ಲವೂ ಮಾರಿದ ಬಡವನ ಪಾಲಿಗೆ ಬಂದಿದೆಯೇ ಹೊರತು, ಗೋವುಗಳನ್ನು ಕೊಟ್ಟ ರಾಜಪುತ್ರನನ್ನು ಯಾರೂ ಹಳಿಯಲಿಲ್ಲವೆಂಬುದು ನನ್ನ ಮನಸ್ಸನ್ನು ಇಂದಿಗೂ ಕಲಕುತ್ತದೆ. ಉಪಾಸಕನಿಗೆ ನಿಷಿದ್ಧವಾದ ಐದು ವ್ಯಾಪಾರಗಳಲ್ಲಿ ಮನುಷ್ಯರ ವ್ಯಾಪಾರವನ್ನೂ ಸೇರಿಸಿದ ಬುದ್ಧನಾದರೋ, ವ್ಯಾಪಾರಿಯ ಕಡೆಗೇ ಬೆರಳು ತೋರಿದನು.

ನಮ್ಮ ಮಲೆನಾಡು ಈ ಪಾಪದಿಂದ ಹೊರತಾಗಿರಲಿಲ್ಲ. ಮನೆತನಕ್ಕೆ ಹುಟ್ಟಿನಿಂದಲೇ ಸೇರಿದ ಹುಟ್ಟಾಳುಗಳೂ, ಭೂಮಿಯೊಡನೆ ಮಾರಾಟವಾಗುತ್ತಿದ್ದ ಮಣ್ಣಾಳುಗಳೂ ಇಲ್ಲಿದ್ದರೆಂದು ರೈಸರ ಮೈಸೂರು ಗೆಜೆಟಿಯರು ದಾಖಲಿಸಿದೆ. ಅದು ಗತಕಾಲದ ಮಾತೆಂದು ನೆಮ್ಮದಿಪಡುವಂತೆಯೂ ಇಲ್ಲ: ಕೆಲಸ ಕೊಡಿಸುವೆವೆಂದು ನಂಬಿಸಿ ಕರೆತಂದು ಕೂಡಿಹಾಕಿದ್ದ 52 ಮಂದಿಯನ್ನು, 2018ರ ಡಿಸೆಂಬರಿನಲ್ಲಿ, ಇದೇ ಹಾಸನ ಜಿಲ್ಲೆಯಲ್ಲಿ ಪೊಲೀಸರು ಬಿಡಿಸಿದರು. ಜಗತ್ತಿನಲ್ಲಿ ಬಲವಂತದ ದುಡಿಮೆಗೆ ಸಿಲುಕಿದವರು 2021ರಲ್ಲಿ 2 ಕೋಟಿ 76 ಲಕ್ಷವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಅಂದಾಜಿಸಿದೆ.

ಇಂಥವರೂ ‘ಒಪ್ಪಿ ಬಂದವರೇ’. ಆದರೆ ಮಾನವ ವ್ಯಾಪಾರವನ್ನು ನಿಷೇಧಿಸುವ ಸಂವಿಧಾನದ 23ನೆಯ ವಿಧಿಯನ್ನು ವಿವರಿಸುತ್ತ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ, 1982ರಲ್ಲಿ, ನ್ಯಾಯಮೂರ್ತಿ ಭಗವತಿಯವರು ಹಸಿವು ದಾರಿದ್ರ್ಯಗಳ ಒತ್ತಡವೂ ಬಲಾತ್ಕಾರವೇ ಎಂದು ನಿರ್ಣಯಿಸಿದರು. ವಂಚನೆ ಬಲಾತ್ಕಾರಗಳಿಂದ ಸಾಗಿಸಲ್ಪಟ್ಟವನ ಒಪ್ಪಿಗೆಯು ಲೆಕ್ಕಕ್ಕಿಲ್ಲವೆಂದು 2000ದ ವಿಶ್ವಸಂಸ್ಥೆಯ ಪಾಲೆರ್ಮೊ ಒಡಂಬಡಿಕೆಯೂ ಸಾರಿತು. ಅಜೀಗರ್ತನ ಅಡವಿಯಲ್ಲಿ ಕೇಳಬೇಕಾಗಿದ್ದ ಮಾತು ಇದೇ ಎಂದು ನಾನು ನಂಬುತ್ತೇನೆ. ಉಣ್ಣಲಿಲ್ಲದವನು ‘ಹೂಂ’ ಎಂದುದರಿಂದ ಉಂಡವನಿಗೆ ಅವನ ದೇಹದ ಮೇಲೆ ಅಧಿಕಾರ ಪ್ರಾಪ್ತವಾಗುವುದಿಲ್ಲ.

ಆದುದರಿಂದ, ಕುಂದೂರು ಸೀಮೆಯ ಬೆಳೆಗಾರ ಬಾಂಧವರೇ, ಆಳುಗಳ ಕೂಲಿಯನ್ನು ಮೇಸ್ತ್ರಿಯ ಕೈಗಲ್ಲ, ಅವರವರ ಕೈಗೇ ಕೊಡಿರಿ. ನಿಮ್ಮ ತೋಟದಲ್ಲಾಗಲಿ ನೆರೆಯ ಶುಂಠಿ ಹೊಲದಲ್ಲಾಗಲಿ, ಊರಿಗೆ ಹೋಗಬಯಸಿಯೂ ಸಾಲದ ಹೆಸರಿನಲ್ಲಿ ಹೋಗಲಾರದವನು ಕಂಡುಬಂದರೆ, ಆಲೂರಿನ ತಹಸೀಲ್ದಾರರಿಗೋ ಸಕಲೇಶಪುರದ ಉಪವಿಭಾಗಾಧಿಕಾರಿಗಳಿಗೋ ಅಂದೇ ತಿಳಿಸಿರಿ. ಜೀತದ ಸಾಲವನ್ನು ತೀರಿಸಬೇಕಾದ ಹೊಣೆಯನ್ನು 1976ರ ಕಾಯಿದೆಯು ರದ್ದುಮಾಡಿದೆ.