ಊಟವಾಯಿತೇ ಎಂಬ ಪ್ರಶ್ನೆ

ನಮ್ಮ ಕಡೆ ಕುಶಲಪ್ರಶ್ನೆಗಳಿಗೆ ಬರವಿಲ್ಲ. ಆದರೆ ಅವುಗಳಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವುದು 'ಊಟವಾಯಿತೇ?' ಎಂಬುದು. ಬೀದಿಯಲ್ಲಿ ಸಿಕ್ಕವರು ಕೇಳುತ್ತಾರೆ. ಫೋನಿನಲ್ಲಿ ಮಾತಿಗೆ ಮೊದಲು ಕೇಳುತ್ತಾರೆ. ಬೇರೇನೂ ಕೇಳಲು ತೋಚದಾಗಲೂ ಕೇಳುತ್ತಾರೆ. ಅದಕ್ಕೆ ಉತ್ತರವೂ ಒಂದೇ: 'ಆಯಿತು'. ಒಲೆ ಹೊತ್ತಿಸಿಲ್ಲದಿದ್ದರೂ 'ಆಯಿತು'. ತುತ್ತು ಇಳಿಯದೆ ತಟ್ಟೆಯ ಮುಂದಿನಿಂದ ಎದ್ದುಬಂದಿದ್ದರೂ 'ಆಯಿತು'. 'ಇಲ್ಲ' ಎಂದರೆ ಕೇಳಿದವರಿಗೆ ಇಕ್ಕಟ್ಟು, ಹೇಳಿದವರಿಗೆ ಸಂಕೋಚ. ಹೀಗಾಗಿ ಮರ್ಯಾದಸ್ಥರು ಸುಳ್ಳು ಹೇಳಿ ಇಬ್ಬರ ಮಾನವನ್ನೂ ಉಳಿಸುತ್ತಾರೆ.

2020ರ ಬೇಸಗೆಯಲ್ಲಿ ನಾನು ಒಬ್ಬರನ್ನು ಈ ಪ್ರಶ್ನೆಯನ್ನು ದಿನವೂ ಕೇಳಿದೆ. ದಿನವೂ ಅದೇ ಉತ್ತರ ಬಂತು. ದಿನವೂ ನಾನು ಸಮಾಧಾನಪಟ್ಟುಕೊಂಡೆ. ಆ ಸಮಾಧಾನಕ್ಕೆ ನನಗೆ ಹಕ್ಕಿತ್ತೇ ಎಂಬ ಯೋಚನೆ ವರ್ಷಗಳು ಕಳೆದರೂ ನನ್ನನ್ನು ಬಿಟ್ಟಿಲ್ಲ.

ಅವರು ನಮ್ಮ ಎದುರುಮನೆಯವರು. ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. ಹಾಗೆಂದು ಅವರನ್ನು ಒಂಟಿ ಎನ್ನುವಂತಿರಲಿಲ್ಲ. ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಚೌಕಾಸಿ, ಹತ್ತು ಗಂಟೆಗೆ ವಾಚನಾಲಯ, ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾಲ್ಕೈದು ಜನ ಸಮವಯಸ್ಕರ ಜತೆ ರಾಜಕೀಯ. ಬೆಂಗಳೂರಿನಲ್ಲಿ ಇಷ್ಟು ತುಂಬಿದ ದಿನಚರಿ ನೌಕರಿಯಲ್ಲಿರುವವರಿಗೂ ಅಪರೂಪ.

ಮಾರ್ಚ್ 22ರಂದು ಜನತಾ ಕರ್ಫ್ಯೂ ಬಂತು. ಸಂಜೆ ಐದಕ್ಕೆ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದೆವು. 24ರ ರಾತ್ರಿ 21 ದಿನಗಳ ದಿಗ್ಬಂಧನದ ಘೋಷಣೆಯಾಯಿತು. ಅದು ಬೆಳೆಯುತ್ತ ಬೆಳೆಯುತ್ತ ಮೇ 31ರವರೆಗೆ ಹೋಯಿತು. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಿ ನಿಂತಾಗ ಮೇಷ್ಟರೂ ಗೇಟಿನ ಬಳಿ ಹಣತೆ ಹಿಡಿದು ಬಂದಿದ್ದರು. ನಗುಮುಖದ ಮೇಷ್ಟರನ್ನು ಆಮೇಲೆ ಬಹಳ ದಿನ ನಾವು ಕಾಣಲಿಲ್ಲ.

ಬೀದಿಯವರು ಅವರನ್ನು ಮರೆತರೆಂದಲ್ಲ. ಒಂದು ಮನೆಯಿಂದ ಸಾರು, ಇನ್ನೊಂದರಿಂದ ಪಲ್ಯ. ರಕ್ತದೊತ್ತಡದ ಮಾತ್ರೆ ತಂದುಕೊಡಲು ಮೂಲೆಮನೆಯ ಹುಡುಗ. ರಾತ್ರಿ ಎಂಟಕ್ಕೆ ನನ್ನ ಫೋನು. 'ಊಟವಾಯಿತೇ ಮೇಷ್ಟರೇ?' 'ಆಯಿತು ಸ್ವಾಮಿ.' ಮೇ ತಿಂಗಳಲ್ಲಿ ಒಂದು ದಿನ ಹಾಲಿನವನು ಬಂದು, ಎದುರುಮನೆಯ ಗೇಟಿನ ಚೀಲದಲ್ಲಿ ಎರಡು ದಿನದ ಹಾಲು ಹಾಗೆಯೇ ಇದೆ ಎಂದ. ಓಡಿಹೋಗಿ ಕೂಗಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಗಡ್ಡ ಬೆಳೆದಿತ್ತು, ಅಂಗಿ ಯಾವಾಗಿನದೋ. 'ಏನು ಮೇಷ್ಟರೇ ಇದು, ಊಟಕ್ಕೇನಾದರೂ ತೊಂದರೆಯೇ?' ಎಂದೆ. ನನಗೆ ಬೇರೆ ಪ್ರಶ್ನೆಯೇ ಬಾರದು.

'ಊಟಕ್ಕೇನು ಸ್ವಾಮಿ, ಬೇಕಾದಷ್ಟು ಬರುತ್ತದೆ. ಬೆಳಿಗ್ಗೆ ಯಾಕೆ ಏಳಬೇಕು ಅನ್ನೋದಕ್ಕೆ ಉತ್ತರ ಸಿಗುತ್ತಿಲ್ಲ' ಎಂದರು.

ಒಬ್ಬನೇ ಇರುವುದು ನಮ್ಮ ನಾಡಿನಲ್ಲಿ ದೊಡ್ಡ ಗುಣವೆಂದು ಎಣಿಕೆ. ಋಷಿಗಳು ಅಡವಿಗೆ ಹೋದರು, ಯೋಗಿಗಳು ಗುಹೆ ಹೊಕ್ಕರು. ಹಾಗಿರುವಾಗ, ಸೂರು, ಅನ್ನ, ಪುಸ್ತಕ ಎಲ್ಲ ಇದ್ದ ವಿದ್ಯಾವಂತರೊಬ್ಬರು ಎರಡು ತಿಂಗಳ ಏಕಾಂತವನ್ನು ತಾಳಲಾರದೆ ಹೋದದ್ದು ಅವರ ದೌರ್ಬಲ್ಯವಲ್ಲವೇ ಎಂದು ಯಾರಾದರೂ ಕೇಳಬಹುದು. ಆ ದಿನ ನನಗೂ ಹಾಗೆ ಅನ್ನಿಸಿತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಏಕಾಂತವು ಮನುಷ್ಯನನ್ನು ತಾನಾಗಿಯೇ ಉದ್ಧರಿಸುತ್ತದೆ ಎಂಬ ನಂಬಿಕೆಯನ್ನು ಒಮ್ಮೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ್ದುಂಟು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ಒಂದು ಸೆರೆಮನೆ ತೆರೆಯಿತು. ಕಟ್ಟಿಸಿದವರು ಕ್ರೂರಿಗಳಲ್ಲ, ಧರ್ಮಭೀರುಗಳು. ಕೈದಿಯನ್ನು ಹೊಡೆಯುವುದು ಬೇಡ. ಒಬ್ಬನನ್ನೇ ಒಂದು ಕೋಣೆಯಲ್ಲಿರಿಸಿದರೆ ಅವನು ತನ್ನ ಅಂತರಂಗವನ್ನು ನೋಡಿಕೊಂಡು ಪಶ್ಚಾತ್ತಾಪಪಡುತ್ತಾನೆ ಎಂಬುದು ಅವರ ಎಣಿಕೆ. ಕೈಗೆ ಕೆಲಸ, ಓದಲು ಬೈಬಲ್ಲು, ಹೊತ್ತಿಗೆ ಸರಿಯಾಗಿ ಊಟ ಎಲ್ಲವೂ ಇದ್ದುವು. ಮನುಷ್ಯಮುಖವೊಂದು ಮಾತ್ರ ಇರಲಿಲ್ಲ. 1842ರಲ್ಲಿ ಅದನ್ನು ನೋಡಲು ಹೋದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಮೈಗೆ ಕೊಡುವ ಯಾವ ಶಿಕ್ಷೆಗಿಂತಲೂ ಇದು ಕ್ರೂರವಾದದ್ದು ಎಂಬ ತೀರ್ಮಾನಕ್ಕೆ ಬಂದ. 1913ರಲ್ಲಿ ಆ ಸೆರೆಮನೆಯವರೂ ಈ ಪದ್ಧತಿಯನ್ನು ಕೈಬಿಟ್ಟರು.

ನಮ್ಮ ಕಾನೂನಿಗೂ ಈ ವಿಷಯ ಗೊತ್ತಿತ್ತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಏಕಾಂತ ಸೆರೆವಾಸ ಒಂದು ಶಿಕ್ಷೆ. ಆದರೆ ಒಂದು ಸಲಕ್ಕೆ 14 ದಿನಗಳಿಗಿಂತ ಹೆಚ್ಚು ಕೂಡದು, ನಡುವೆ ಬಿಡುವಿರಬೇಕು, ಒಟ್ಟು ಮೂರು ತಿಂಗಳು ಮೀರಕೂಡದು ಎಂಬ ಕಟ್ಟುಗಳಿದ್ದುವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದೇ ಮಿತಿಗಳನ್ನು ಉಳಿಸಿಕೊಂಡಿದೆ. ಕಠಿಣ ಅಪರಾಧ ಮಾಡಿದವನ ಮನಸ್ಸಿಗೂ ಹದಿನಾಲ್ಕು ದಿನವೇ ಮಿತಿ ಎಂದು ಕಾನೂನು ಎಣಿಸಿತ್ತು. ಮನೆಯೇನೂ ಸೆರೆಮನೆಯಲ್ಲ, ರೋಗದ ತಡೆಯೇನೂ ಶಿಕ್ಷೆಯಲ್ಲ, ನಿಜ. ಆದರೆ ಮನಸ್ಸು ಕಾರಣವನ್ನು ಕೇಳಿಕೊಂಡು ನೋಯುವುದಿಲ್ಲ.

ಹಾಗಾದರೆ ನಮ್ಮ ಸಂನ್ಯಾಸಿಯ ಏಕಾಂತ? ಅದನ್ನು ನಾವು ಸರಿಯಾಗಿ ನೋಡಿಲ್ಲವೆಂದು ತೋರುತ್ತದೆ. ಸಂನ್ಯಾಸಿ ಮನೆ ಬಿಟ್ಟ. ಆದರೆ ಮನೆಗಳನ್ನು ಬಿಡಲಿಲ್ಲ. ಜೇನುಹುಳು ಹೂವಿನಿಂದ ಹೂವಿಗೆ ಹೋಗುವಂತೆ ಬಾಗಿಲಿಂದ ಬಾಗಿಲಿಗೆ ಹೋಗಿ ತುತ್ತು ತುತ್ತಾಗಿ ಬೇಡುವ ಮಧುಕರಿ ಭಿಕ್ಷೆ ಅವನಿಗೆ ವಿಹಿತವಾಯಿತು. ಆ ಬಾಗಿಲಲ್ಲಿ ನಡೆಯುವುದು ಬರಿಯ ಅನ್ನದ ವ್ಯವಹಾರವಲ್ಲ. ಬೇಡುವವನು ಬಂದದ್ದರಿಂದ ಗೃಹಸ್ಥನಿಗೆ ತಾನು ಕೊಡಬಲ್ಲವನು ಎಂಬ ಅರಿವು ಬಂತು. ತಿಂದವನು ಒಬ್ಬ, ತುಂಬಿಕೊಂಡವರು ಇಬ್ಬರು. ಜಗತ್ತಿನಿಂದ ದೂರ ನಿಂತವನನ್ನೂ ನಮ್ಮ ಹಿರಿಯರು ದಿನಕ್ಕೊಂದು ಬಾರಿ ಇನ್ನೊಬ್ಬರ ಹೊಸ್ತಿಲಿಗೆ ಕಳುಹಿಸಿದ್ದರು.

ಪ್ಲೇಗಿನ ಕಾಲದ ಮಾತೂ ಇದೇ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸಾವು ಬೆನ್ನ ಹಿಂದೆಯೇ ಇತ್ತು. ಆದರೆ ಊರಿಗೆ ಊರೇ ಜತೆಯಲ್ಲಿತ್ತು. ಒಬ್ಬ ಸೌದೆ ತರಬೇಕು, ಒಬ್ಬಳು ನೀರು ತರಬೇಕು, ಮುದುಕ ಮಕ್ಕಳನ್ನು ನೋಡಿಕೊಳ್ಳಬೇಕು. ನಮ್ಮ ಕಾಲದ ರೋಗ ಬೇರೆ ಬಗೆಯದು, ಉಸಿರಿನಿಂದ ಹರಡುವಂಥದು. ಮನೆಮನೆಯೂ ಬೇರೆಯಾಗುವುದು ಅನಿವಾರ್ಯವಾಯಿತು. ಅದನ್ನು ನಾನು ತಪ್ಪೆನ್ನುತ್ತಿಲ್ಲ. ಆದರೆ ದೇಹಗಳು ದೂರವಿರಬೇಕೆಂಬ ಅಪ್ಪಣೆಯನ್ನು ನಾವು 'ಸಾಮಾಜಿಕ ಅಂತರ' ಎಂದು ಕರೆದೆವು. ಜಾತಿಯ ಕಾರಣದಿಂದ ಅಂತರವನ್ನು ತಲೆತಲಾಂತರ ಉಂಡ ನಾಡಿನಲ್ಲಿ ಆ ಮಾತು ಬರಲೇಬಾರದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯವರು 2020ರ ಮಾರ್ಚ್‌ನಲ್ಲಿಯೇ 'ದೈಹಿಕ ಅಂತರ' ಎನ್ನತೊಡಗಿದ್ದರು. ನಮ್ಮ ಬಾಯಿಂದ ಮಾತ್ರ ಹಳೆಯ ಮಾತು ಹೋಗಲಿಲ್ಲ.

ಮತ್ತೆ ಮೇಷ್ಟರ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ದರ್ಜಿ ಇದ್ದಾನೆ. ಅಂಗಡಿ ಮುಚ್ಚಿ ಮನೆಯಲ್ಲೇ ಮಾಸ್ಕು ಹೊಲಿದು ಜೀವನ ಸಾಗಿಸುತ್ತಿದ್ದ. ಅವನ ಮಗಳು ಎಸ್.ಎಸ್.ಎಲ್.ಸಿ. ಮಾರ್ಚ್ 27ಕ್ಕೆ ಆರಂಭವಾಗಬೇಕಾಗಿದ್ದ ಪರೀಕ್ಷೆ ಜೂನ್ 25ಕ್ಕೆ ಹೋಗಿತ್ತು. ಮನೆಪಾಠ ನಿಂತು ತ್ರಿಕೋನಮಿತಿಯಲ್ಲಿ ಹುಡುಗಿ ಸಿಕ್ಕಿಬಿದ್ದಿದ್ದಳು. 'ಸಾರ್, ಒಂದಿಷ್ಟು ಹೇಳಿಕೊಡ್ತೀರಾ?' ಎಂದು ಅವನು ನನ್ನನ್ನು ಕೇಳಿದ. ನನಗೂ ಗಣಿತಕ್ಕೂ ಬಹಳ ಹಿಂದೆಯೇ ಮಾತು ಬಿಟ್ಟುಹೋಗಿದೆ. ಮೇಷ್ಟರ ನೆನಪು ಬಂತು. ಆದರೆ, 'ಪಾಪ, ಅವರೇ ಕಷ್ಟದಲ್ಲಿದ್ದಾರೆ, ತೊಂದರೆ ಕೊಡುವುದು ಬೇಡ' ಎಂದು ಸುಮ್ಮನಾದೆ. ಆಗ ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು: 'ಅವರಿಗೆ ತೊಂದರೆ ಕೊಡೋರು ಯಾರೂ ಇಲ್ಲ, ಅದೇ ಅವರ ತೊಂದರೆ.'

ಹೋಗಿ ಕೇಳಿದೆ. ಮೇಷ್ಟರು ತಕ್ಷಣ ಒಪ್ಪಲಿಲ್ಲ. ಮರೆತುಹೋಗಿದೆ ಎಂದರು, ಪಠ್ಯ ಬದಲಾಗಿದೆ ಎಂದರು. ಮಾರನೆಯ ದಿನ ಹುಡುಗಿ ಗೇಟಿನ ಹೊರಗೆ ಪುಸ್ತಕ ಹಿಡಿದು ನಿಂತಳು. ಮೇಷ್ಟರು ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ದಪ್ಪಕ್ಷರದಲ್ಲಿ ಲೆಕ್ಕ ಬರೆದು ಕಿಟಕಿಯ ಸರಳಿಗೆ ತೂಗುಹಾಕಿದರು; ಅವಳು ಹೊರಗಿನಿಂದ ಬಿಡಿಸಿದಳು. ನಾಲ್ಕನೆಯ ದಿನ ಗಡ್ಡ ಹೋಗಿತ್ತು. ಒಂದು ವಾರದಲ್ಲಿ ಅವಳನ್ನು ಬೈಯುವ ದನಿ ನಮ್ಮ ಮನೆಗೂ ಕೇಳತೊಡಗಿತು. ನನ್ನ ಕಿವಿಗೆ ಅದು ಮಂಗಳವಾದ್ಯದಂತಿತ್ತು.

ಇದನ್ನು ಪವಾಡವೆಂದು ಯಾರೂ ತಿಳಿಯಬಾರದು. ಮೇಷ್ಟರಿಗೆ ನಿದ್ದೆ ಬರಲಿಲ್ಲ. ಮಗಳು ಫೋನಿನಲ್ಲಿಯೇ ವೈದ್ಯರನ್ನು ಗೊತ್ತುಮಾಡಿದಳು. ಕೆಲವು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕಾಯಿತು. ರಕ್ತದೊತ್ತಡದ ಮಾತ್ರೆಯನ್ನು ಬೀದಿಯ ಹುಡುಗನ ಕೈಲಿ ತರಿಸುತ್ತಿದ್ದವರು ಈ ಮಾತ್ರೆಯನ್ನು ಮಾತ್ರ ತಾವೇ ಹೋಗಿ ತಂದರು. ಯಾರಾದರೂ ಏನಾದರೂ ಅಂದುಕೊಂಡಾರು ಎಂದು. ಖಿನ್ನತೆ ಒಂದು ಕಾಯಿಲೆ. 'ಏನಾದರೂ ಕೆಲಸ ಮಾಡಿ, ಸರಿಹೋಗುತ್ತದೆ' ಎಂಬ ಉಪದೇಶ ಅದಕ್ಕೆ ಔಷಧವಲ್ಲ. ಆ ಮೊದಲ ವರ್ಷ ಆತಂಕ ಮತ್ತು ಖಿನ್ನತೆ ಜಗತ್ತಿನಲ್ಲಿ ನೂರಕ್ಕೆ 25ರಷ್ಟು ಹೆಚ್ಚಿದುವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಅದೇ ವರ್ಷ ಅಕ್ಟೋಬರ್ 10ರಂದು ಸರ್ಕಾರ 'ಟೆಲಿ ಮನಸ್' ಎಂಬ ದೂರವಾಣಿ ನೆರವನ್ನು ಆರಂಭಿಸಿತು, ಅದರ ಮುಖ್ಯ ಕೇಂದ್ರ ನಮ್ಮ ಊರಿನ ನಿಮ್ಹಾನ್ಸ್, ಸಂಖ್ಯೆ 14416. ಕಷ್ಟವಿದ್ದವರು ಅದನ್ನು ಒತ್ತಲು ಸಂಕೋಚಪಡಬೇಕಾಗಿಲ್ಲ.

ಆದರೂ ವೈದ್ಯರಿಗೆ ಒಪ್ಪಿಸಲಾಗದ ಒಂದು ಭಾಗ ಉಳಿಯುತ್ತದೆ. ಅದು ನೆರೆಯವರ ಭಾಗ. ಕೊಡುವುದು ಧರ್ಮವೆಂದು ನಮಗೆಲ್ಲ ಕಲಿಸಿದ್ದಾರೆ. ಕೇಳುವುದೂ ಧರ್ಮವೆಂದು ಯಾರೂ ಕಲಿಸಲಿಲ್ಲ. ನಾವು ಬೀದಿಯವರೆಲ್ಲ ಸೇರಿ ಮೇಷ್ಟರಿಗೆ ಕೊಟ್ಟೆವು, ಕೊಟ್ಟೆವು. ಕೊಟ್ಟು ಕೊಟ್ಟು ಅವರನ್ನು ಬರಿಯ ತೆಗೆದುಕೊಳ್ಳುವವರನ್ನಾಗಿ ಮಾಡಿಬಿಟ್ಟೆವು. ಕೊಡುವವನ ಸ್ಥಾನದಲ್ಲಿ ಒಂದು ಹಿತವಿದೆ. ಆ ಹಿತವನ್ನೆಲ್ಲ ನಾವೇ ಇಟ್ಟುಕೊಂಡೆವು. ಬೆಳೆದ ಮನುಷ್ಯನ ಮನಸ್ಸು ನಿಲ್ಲುವುದು ತನಗೆ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ಮಾತ್ರವಲ್ಲ. ತನ್ನನ್ನು ಯಾರು ಕಾಯುತ್ತಿದ್ದಾರೆ ಎಂಬುದರ ಮೇಲೆ. ಹಾಗೆಂದು ಇಲ್ಲದ ಅಗತ್ಯವನ್ನು ನಟಿಸಿ ಹೋಗುವುದು ಇನ್ನೊಂದು ಬಗೆಯ ಅವಮಾನ. ಹುಡುಗಿಗೆ ಲೆಕ್ಕ ನಿಜವಾಗಿಯೂ ಬರುತ್ತಿರಲಿಲ್ಲ. ಆದ್ದರಿಂದಲೇ ಅವಳ ಕೇಳಿಕೆಗೆ ಬೆಲೆ. ನಿಜವಾದ ಅಗತ್ಯಗಳು ನಮ್ಮೆಲ್ಲರಿಗೂ ಇವೆ. ಅವನ್ನು ಮುಚ್ಚಿಟ್ಟುಕೊಂಡು ಯಾರ ಹಂಗೂ ಇಲ್ಲದೆ ಬದುಕುತ್ತೇವೆಂದು ಬೀಗುವುದು ಪಟ್ಟಣವಾಸದ ಅಭ್ಯಾಸ.

ಹುಡುಗಿ ಪಾಸಾದಳು, ರ‍್ಯಾಂಕೇನೂ ಬರಲಿಲ್ಲ. ಮೇಷ್ಟರು ಪಾರ್ಕಿನ ಬೆಂಚಿಗೆ ಹಿಂತಿರುಗಿದರು. ರಾತ್ರಿ ಎಂಟರ ಫೋನನ್ನು ನಾನು ನಿಲ್ಲಿಸಲಿಲ್ಲ. ಆದರೆ ಈಗ ವಿದ್ಯುತ್ ಬಿಲ್ಲಿನ ಲೆಕ್ಕವೋ ಮೊಮ್ಮಗನ ಬೀಜಗಣಿತವೋ ಒಂದನ್ನು ಅವರ ಮುಂದಿಡುತ್ತೇನೆ. ಒಂದು ರಾತ್ರಿ ಎಂದಿನಂತೆ 'ಊಟವಾಯಿತೇ ಮೇಷ್ಟರೇ?' ಎಂದೆ.

'ಇಲ್ಲ ಸ್ವಾಮಿ, ಮಾಡಿಕೊಳ್ಳಲು ಬೇಸರವಾಯಿತು. ನಿಮ್ಮ ಮನೆಯಲ್ಲಿ ಏನು ಹುಳಿ?' ಎಂದರು.

ಆ ಪ್ರಶ್ನೆಗೆ ನಿಜವಾದ ಉತ್ತರ ನನಗೆ ಸಿಕ್ಕಿದ್ದು ಅದೇ ಮೊದಲು.