ಕರ್ಮೆಲಿನ ಜಯವೂ ಜಾಲೀಗಿಡದ ನೆರಳೂ

(ಅರಸುಗಳು ಒಂದನೆಯ ಗ್ರಂಥ, 19ನೆಯ ಅಧ್ಯಾಯ)



ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಯುದ್ಧವೀರರನ್ನು ಜ್ಞಾಪಿಸುವ ಎರಡು ಕಲ್ಲುಗಳುಂಟು. ಒಂದು, ಹೆಬ್ಬಾಳದಲ್ಲಿ 2018ರಲ್ಲಿ ಕಾಣಸಿಕ್ಕಿದ ವೀರಗಲ್ಲು. ಕ್ರಿ.ಶ. 750ರ ಸುಮಾರಿನ ಅದರ ಬರಹವು ಕಿತ್ತಯ್ಯನೆಂಬವನು ಕಾದಿ ಮಡಿದದ್ದನ್ನು ತಿಳಿಸುತ್ತದೆ. ಮತ್ತೊಂದು, ಆರ್.ಟಿ. ನಗರಕ್ಕೆ ಸಮೀಪವಾದ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಂಡಿನ ಸ್ಮಾರಕ. ಆ ದಂಡಿನವರು 1918ನೆಯ ಸಪ್ಟೆಂಬರ್ 23ರಂದು ಹೈಫಾ ಪಟ್ಟಣದ ಕಾಳಗದಲ್ಲಿ ಶತ್ರುಗಳ ಫಿರಂಗಿಗಳನ್ನು ಹಿಡಿಯುವದಕ್ಕಾಗಿ ಕರ್ಮೆಲ್ ಬೆಟ್ಟವನ್ನು ಏರಿದರು. ಪ್ರವಾದಿಯಾದ ಎಲೀಯನು ಜಯಹೊಂದಿದ ಕರ್ಮೆಲ್ ಅದೇ.

ಕಲ್ಲುಗಳು ಮಡಿದವರನ್ನು ಜ್ಞಾಪಿಸುತ್ತವೆ. ಆದರೆ ಜೀವಸಹಿತನಾಗಿ ಹಿಂತಿರುಗಿದರೂ ಇರುಳೆಲ್ಲಾ ನಿದ್ರೆಯಿಲ್ಲದೆ ಕಳೆಯುವ ಸಿಪಾಯಿಯನ್ನೂ, ಅವನ ಪಕ್ಕದಲ್ಲಿ ಎಚ್ಚರವಾಗಿರುವ ಹೆಂಡತಿಯನ್ನೂ ಯಾವ ಕಲ್ಲು ಜ್ಞಾಪಿಸುತ್ತದೆ? ದೇವರ ವಾಕ್ಯವು ಅಂಥವರನ್ನು ಮರೆತಿಲ್ಲ. ಕರ್ಮೆಲಿನಲ್ಲಿ ಒಬ್ಬನೇ ನಿಂತು ಹೆದರದವನು, ಕೆಲವೇ ದಿವಸಗಳಲ್ಲಿ ತನ್ನ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಅಡವಿಯಲ್ಲಿ ಜಾಲೀಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡನು. ಧೈರ್ಯವುಳ್ಳವನ ಮನಸ್ಸೂ ಮುರಿಯುವದುಂಟೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ?

ವೈದ್ಯರು ಇದನ್ನು ತಿಳಿದುಕೊಳ್ಳುವದಕ್ಕೆ ಬಹುಕಾಲ ಹಿಡಿಯಿತು. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಅವರು ಇದನ್ನು ಗುಂಡಿನ ಸಿಡಿತದಿಂದಾದ ಆಘಾತವೆಂದು ಬರೆದರು. ಆ ಕಾಲದಲ್ಲಿ ಹಲವರು ಇದನ್ನು ಹೇಡಿತನವೆಂದೇ ಜರೆದರು. 1980ರಲ್ಲಿ ಅಮೆರಿಕದ ಮನೋವೈದ್ಯರು ಇದಕ್ಕೆ ತಕ್ಕ ಹೆಸರು ಕೊಟ್ಟು ರೋಗಗಳ ಪಟ್ಟಿಯಲ್ಲಿ ಸೇರಿಸಿದರು. ಭಯಂಕರವಾದದ್ದನ್ನು ಕಂಡ ಮನಸ್ಸು ಅದನ್ನೇ ಕನಸಿನಲ್ಲಿ ತಿರುತಿರುಗಿ ಕಾಣುವದು, ಸಣ್ಣ ಸದ್ದಿಗೂ ಬೆಚ್ಚುವದು, ಬೇಗ ಸಿಟ್ಟಾಗುವದು, ಸ್ವಂತ ಮಕ್ಕಳಿಂದಲೂ ದೂರವಾಗುವದು, ಇವೇ ಅದರ ಗುರುತುಗಳು.

ಇಲ್ಲಿ ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳಬೇಕು. ರಜೆಯ ಮೇಲೆ ಬಂದ ಒಬ್ಬ ಸಿಪಾಯಿಗೆ ನಾವು ಆರಾಧನೆಯ ತರುವಾಯ ಹಾರ ಹಾಕಿ, ಅವನ ಪರಾಕ್ರಮದ ಕಥೆಗಳನ್ನು ಕೇಳಿದೆವು. ಅವನ ತಾಯಿ ಕೊನೆಯ ಬೆಂಚಿನ ಬಳಿ ನಮ್ಮನ್ನು ತಡೆದು, “ಅಯ್ಯನವರೇ, ರಾತ್ರಿಯೆಲ್ಲಾ ಜಗಲಿಯ ಮೇಲೆ ಕೂತೇ ಇರುತ್ತಾನೆ” ಅಂದಳು. “ಪ್ರಾರ್ಥನೆ ಮಾಡಮ್ಮಾ” ಎಂದು ಹೇಳಿ ನಾವು ಹೊರಟುಬಿಟ್ಟೆವು. ಆ ಮಾತು ಸುಳ್ಳಲ್ಲ. ಆದರೆ ಅಷ್ಟೇ ಹೇಳಿ ಹೊರಟದ್ದು ಪ್ರೀತಿಯಲ್ಲ.

ದೇವರು ಏನು ಮಾಡಿದನೆಂದು ನೋಡಿರಿ. ಮೊದಲು ಆತನು ಎಲೀಯನನ್ನು ಗದರಿಸಲಿಲ್ಲ, ಅಪನಂಬಿಕೆಯವನೆಂದು ಕರೆಯಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಡಿಸಿ, ನಿದ್ರೆಮಾಡಗೊಟ್ಟು, ಮತ್ತೊಮ್ಮೆ ಎಬ್ಬಿಸಿ ಉಣಿಸಿದನು. ಎರಡನೆಯದಾಗಿ, ಹೋರೇಬಿನಲ್ಲಿ ಒಂದೇ ಪ್ರಶ್ನೆಯನ್ನು ಎರಡಾವರ್ತಿ ಕೇಳಿ, ಅವನ ದುಃಖವನ್ನೆಲ್ಲಾ ಅವನ ಬಾಯಿಂದಲೇ ಹೊರಡಿಸಿದನು. ಅದೇ ಉತ್ತರವನ್ನು ಎರಡು ಸಾರಿ ಕೇಳಿದರೂ ಆತನು ಬೇಸರಗೊಳ್ಳಲಿಲ್ಲ. ಮೂರನೆಯದಾಗಿ, ಒಂಟಿಯೆಂದು ನೆನಸಿದವನಿಗೆ ಇನ್ನೂ ಏಳು ಸಾವಿರ ಜನರಿದ್ದಾರೆಂದು ತಿಳಿಸಿ, ಎಲೀಷನನ್ನು ಜೊತೆಗೆ ಕೊಟ್ಟನು.

ಸಭೆಯ ಕೆಲಸವೂ ಇದೇ. ಯಲಹಂಕದಲ್ಲಿಯೂ ಜಾಲಹಳ್ಳಿಯಲ್ಲಿಯೂ ವಾಯುಪಡೆಯ ನೆಲೆಗಳುಂಟು. ಯಜಮಾನನು ದೂರದ ಗಡಿಗೆ ಹೋದಾಗ ಮನೆಯ ಭಾರವೆಲ್ಲಾ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ವರ್ಗವಾದಾಗಲೆಲ್ಲಾ ಮಕ್ಕಳು ಶಾಲೆಯನ್ನೂ ಗೆಳೆಯರನ್ನೂ ಬಿಡಬೇಕಾಗುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ಅಂಥ ಮನೆಗಳಿಲ್ಲವೇ? ಅಲ್ಲಿಗೆ ಹೋಗಿರಿ. ಒಂದು ಹೊತ್ತಿನ ಅಡಿಗೆಯನ್ನು ಒಯ್ಯಿರಿ. ಯುದ್ಧದ ಸಂಗತಿಯನ್ನು ಕೆದಕಬೇಡಿರಿ. ಅವರಾಗಿ ಹೇಳಿದರೆ ತಡೆಯಬೇಡಿರಿ.

ಯಾವನಾದರೂ ಎಲೀಯನಂತೆ ಸಾವನ್ನು ಬಯಸುವ ಮಾತಾಡಿದರೆ ಅದನ್ನು ಹಗುರವಾಗಿ ಎಣಿಸಬೇಡಿರಿ, ಮಾನಕ್ಕಂಜಿ ಮುಚ್ಚಬೇಡಿರಿ. ಸಾಯುವ ಯೋಚನೆ ಬಂದಿದೆಯೋ ಎಂದು ನೇರವಾಗಿ ಕೇಳುವದರಿಂದ ಕೇಡಾಗದು. ಅವನನ್ನು ಒಂಟಿಯಾಗಿ ಬಿಡದೆ, ಕೋವಿಯನ್ನೂ ಹೊಲದ ವಿಷದ ಔಷಧಿಯನ್ನೂ ಕೈಗೆ ಸಿಕ್ಕದಂತೆ ಇಟ್ಟು, ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. 2022ನೆಯ ಅಕ್ಟೋಬರ್ 10ರಂದು ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವುಂಟು. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆ ಕಾರ್ಯಕ್ಕೆ ಮುಖ್ಯಸ್ಥಾನ. ಸೈನಿಕರಿಗೂ ಅವರ ಕುಟುಂಬದವರಿಗೂ ಪ್ರತ್ಯೇಕವಾದ ಒಂದು ವಿಭಾಗವನ್ನು 2023ರಲ್ಲಿ ಪುಣೆಯಲ್ಲಿ ತೆರೆಯಲಾಯಿತು. ಮುರಿದ ಕಾಲಿಗೆ ಪಟ್ಟಿ ಕಟ್ಟಿಸುವದು ಅಪನಂಬಿಕೆಯಲ್ಲವಷ್ಟೆ. ಮುರಿದ ಮನಸ್ಸಿಗೆ ಔಷಧಿ ಹುಡುಕುವದೂ ಅಪನಂಬಿಕೆಯಲ್ಲ. ಎಲೀಯನಿಗೆ ರೊಟ್ಟಿ ತಂದವನನ್ನು ಕಳುಹಿಸಿದಾತನು ದೇವರಲ್ಲವೇ?

ನಾವು ಆ ತಾಯಿಯ ಮನೆಗೆ ತಡವಾಗಿಯಾದರೂ ಹೋದೆವು. ಅವನು ಜಗಲಿಯಲ್ಲಿಯೇ ಇದ್ದನು. ನಾವು ಏನೂ ಬೋಧಿಸದೆ ಪಕ್ಕದಲ್ಲಿ ಕೂತೆವು. ಬಹಳ ಹೊತ್ತಾದ ಮೇಲೆ ಅವನೇ ಮಾತು ತೆಗೆದನು.

ಪ್ರಿಯರೇ, ನಿಮ್ಮ ಬೀದಿಯ ಜಗಲಿಗಳನ್ನು ನೋಡಿರಿ. ಅಲ್ಲಿ ಒಂಟಿಯಾಗಿ ಕೂತವನ ಪಕ್ಕದಲ್ಲಿ ಕೂತುಕೊಳ್ಳುವ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.